ಆಮೆನ್ ಅನ್ನುವ ತನಕ

ಸತ್ಯಮಿತ್ರನಿಗೆ ಬರುತ್ತಿದ್ದದ್ದು ಒಂದೇ ಪ್ರಾರ್ಥನೆ, ಊಟಕ್ಕೆ ಮುಂಚಿನದು. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ್ದು. ಅನ್ನ ಕಂಡರೆ ಸಾಕು, ತಾನಾಗಿ ಬಾಯಿಗೆ ಬರುತ್ತಿತ್ತು. ತೊಂದರೆಯೆಂದರೆ ಅನ್ನ ಕಾಣದಿದ್ದಾಗಲೂ ಅದೇ ಬರುತ್ತಿತ್ತು. ಹೋದ ವರ್ಷ ಲಿಂಗರಾಜಪುರದಲ್ಲಿ ಹೆಂಡತಿ ಸುಗಂಧಿಯ ದೊಡ್ಡಪ್ಪ ತೀರಿಕೊಂಡಾಗ, ಶವಪೆಟ್ಟಿಗೆಯ ಸುತ್ತ ನಿಂತವರು ಒಬ್ಬರಾದ ಮೇಲೊಬ್ಬರು ಪ್ರಾರ್ಥಿಸುತ್ತ ಬಂದು ಸರದಿ ಇವನಿಗೆ ಮುಟ್ಟಿತು. ಇವನು ಕಣ್ಣು ಮುಚ್ಚಿ, "ಕರ್ತನೇ, ನಮ್ಮ ಮುಂದೆ ಇಟ್ಟಿರುವ ಇದಕ್ಕಾಗಿ ಸ್ತೋತ್ರ. ಇದನ್ನು ಸಿದ್ಧಮಾಡಿದ ಕೈಗಳನ್ನು ಆಶೀರ್ವದಿಸು. ಇಲ್ಲದವರಿಗೂ ಇದನ್ನು ದಯಪಾಲಿಸು" ಎಂದುಬಿಟ್ಟ.

ಅತ್ತೆ ಎಸ್ತೇರಮ್ಮ ಅವತ್ತಿನಿಂದ ಅಳಿಯನನ್ನು ಯಾವ ಪ್ರಾರ್ಥನೆಗೂ ಕರೆಯಲಿಲ್ಲ. ಸುಗಂಧಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಹಲಸೂರಿನ ತಮ್ಮ ಸಭೆಯಲ್ಲಿ ಯೋನಪ್ಪ ಮೇಷ್ಟ್ರು ಶನಿವಾರ ಶನಿವಾರ ನಡೆಸಲಿದ್ದ ಪ್ರಾರ್ಥನೆಯ ತರಬೇತಿಗೆ ಗಂಡನ ಹೆಸರು ಕೊಟ್ಟಳು. ವಿಶ್ವಾಸ ದೇವರು ಕೊಟ್ಟದ್ದು, ಧೈರ್ಯ ಮಾತ್ರ ಅಭ್ಯಾಸದಿಂದಲೇ ಬರಬೇಕು ಎಂದು ಮೇಷ್ಟ್ರು ಆರಾಧನೆ ಮುಗಿದ ಮೇಲೆ ಪ್ರಕಟಣೆ ಮಾಡಿದ್ದರು.

ಮೊದಲ ಶನಿವಾರ ಸತ್ಯಮಿತ್ರ ಗೇಟಿನವರೆಗೆ ಹೋದದ್ದು ನಿಜ. ಒಳಗೆ ಯಾರೋ ಗುಡುಗಿನಂತೆ ಪ್ರಾರ್ಥಿಸುತ್ತಿದ್ದರು. ತೊದಲಿಲ್ಲ, ತಡೆಯಿಲ್ಲ. ಕಲಿಯಲು ಬಂದವರೇ ಹೀಗಿದ್ದರೆ ತನ್ನ ಗತಿಯೇನು ಎಂದು ಇವನು ಗೇಟಿನಿಂದಲೇ ಹಿಂದೆ ತಿರುಗಿದ. ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರುಕಟ್ಟೆಯಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಗೆಳೆಯ ಅಕ್ತರನ ಪಕ್ಕ ಕೂತುಬಿಟ್ಟ. ಮುಂದಿನ ಶನಿವಾರಗಳೂ ಅಲ್ಲೇ ಚಹಾ ಕುಡಿಯುತ್ತ ಕಳೆದವು. ಪಾಪ, ಸುಮ್ಮನೆ ಕೂರಲಿಲ್ಲ. ಇನ್ನೊಮ್ಮೆ ಪೆಟ್ಟಿಗೆಯ ಮುಂದೆ ಮರ್ಯಾದೆ ಹೋಗಬಾರದೆಂದು ಸಾವಿನ ಮನೆಯ ಪ್ರಾರ್ಥನೆಯೊಂದನ್ನು ಉರು ಹೊಡೆದು, ಸಾಲಾಗಿ ಜೋಡಿಸಿದ ದಾಳಿಂಬೆಗಳಿಗೆ ಒಪ್ಪಿಸುತ್ತಿದ್ದ. ಆದರೆ ಆಮೇಲೆ ಬಳಗದಲ್ಲಿ ಯಾರೂ ಸಾಯಲಿಲ್ಲ.

"ಪಾಠ ಇಲ್ದೆ ನಮ್ ನಮಾಜೂ ಬರಲ್ಲ ಗುರು," ಎಂದಿದ್ದ ಅಕ್ತರ್. "ನಾನೂ ಉಸ್ತಾದ್ ಕೈಲಿ ಏಟು ತಿಂದೇ ಕಲ್ತಿದ್ದು. ಮನೇಲಿ ನಿಜ ಹೇಳ್ಬಿಡು."

ಇವನು ಹೇಳಲಿಲ್ಲ. ಹೇಳದ ನಿಜ ಎದುರಿಗೆ ಬಂದು ನಿಂತದ್ದು ಈ ಭಾನುವಾರ, ಭಾವಮೈದ ಹೊರಮಾವಿನಲ್ಲಿ ಕೊಂಡ ಹೊಸ ಫ್ಲ್ಯಾಟಿನಲ್ಲಿ. ಬಳಗವೆಲ್ಲ ಸೇರಿತ್ತು. ಅಡುಗೆಮನೆಯಿಂದ ಕೋಳಿ ಬಿರಿಯಾನಿಯ ಘಮ ಬರುತ್ತಿತ್ತು. ಮನೆಯನ್ನು ದೇವರಿಗೆ ಒಪ್ಪಿಸುವ ಪ್ರಾರ್ಥನೆ ಮಾಡಬೇಕಿದ್ದ ಪಾಸ್ಟರು ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ನನಗಾಗಿ ಕಾಯಬೇಡಿ, ಯಾರಿಂದಲಾದರೂ ಮಾಡಿಸಿ ಎಂದು ಫೋನು ಬಂತು.

"ನಮ್ಮೋರು ಮಾಡ್ತಾರೆ," ಎಂದಳು ಸುಗಂಧಿ, ಇಡೀ ಹಾಲಿಗೆ ಕೇಳುವಂತೆ. "ಟ್ರೈನಿಂಗ್ ಮುಗ್ಸಿದಾರೆ."

ಸತ್ಯಮಿತ್ರನ ಮಾನದ ಮಾತಾಗಿದ್ದರೆ ಚಿಂತೆಯಿರಲಿಲ್ಲ, ಅದು ದೊಡ್ಡಪ್ಪನ ಜೊತೆಗೇ ಮಣ್ಣಾಗಿತ್ತು. ಈಗ ಪಣಕ್ಕಿದ್ದದ್ದು ಸುಗಂಧಿಯ ಮಾನ. ಒಂದು ವರ್ಷದಿಂದ ತವರಿನವರ ಎದುರು ತಲೆ ತಗ್ಗಿಸಿದ್ದವಳು ಇವತ್ತು ಹೊಸ ಸೀರೆಯುಟ್ಟು ತಲೆಯೆತ್ತಿ ನಿಂತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಯೋನಪ್ಪ ಮೇಷ್ಟ್ರೇ ಕಾಣಿಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ ಸತ್ಯಮಿತ್ರ ಪರದೆಯ ಮರೆಗೆ ಸರಿದ. ಮೇಷ್ಟ್ರು ಬಾಯಿಬಿಟ್ಟರೆ ಎಲ್ಲ ಮುಗಿಯಿತು. ಎಸ್ತೇರಮ್ಮ ಬಿಡಲಿಲ್ಲ, ಗುರುಗಳೇ ಬಂದಿರುವಾಗ ಅವರೇ ಪ್ರಾರ್ಥನೆ ಮಾಡಲಿ ಎಂದರು. ಮೇಷ್ಟ್ರ ಹಣೆಯಲ್ಲಿ ಯಾಕೋ ಬೆವರು ಕಂಡಿತು. ಅವರು ಗೋಡೆಯ ಕಡೆ ನೋಡುತ್ತ, "ಶಿಷ್ಯ ಇರುವಾಗ ನಾನ್ಯಾಕಮ್ಮ, ಅವರೇ ಮಾಡ್ಲಿ" ಎಂದು ಮೂಲೆಯ ಕುರ್ಚಿ ಹಿಡಿದರು.

ಎಲ್ಲರೆದುರು ಬಯಲಿಗೆಳೆಯಲೆಂದೇ ಇವರು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡ ಶಿಷ್ಯ. ಎಲ್ಲರೂ ಎದ್ದು ನಿಂತು ಕಣ್ಣು ಮುಚ್ಚಿದರು. ಸುಗಂಧಿ ಅವನ ಕೈ ಹಿಡಿದುಕೊಂಡಳು.

"ಕರ್ತನೇ, ನಮ್ಮ ಮುಂದೆ ಇಟ್ಟಿರುವ..." ಎಂದು ಶುರುವಾಯಿತು. ಎಸ್ತೇರಮ್ಮ ಕೆಮ್ಮಿದರು. ಅವನು ನಾಲಿಗೆ ಕಚ್ಚಿಕೊಂಡ. ಆಮೇಲೆ ಏನೂ ಬರಲಿಲ್ಲ. ಸುಗಂಧಿ ಧೈರ್ಯ ತುಂಬುವಂತೆ ಅವನ ಕೈಯನ್ನು ಮೆಲ್ಲನೆ ಅಮುಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೋ ಏನೋ, ಆ ನಂಬಿಕೆಯನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ಕರ್ತನೇ, ನಂಗೆ ಪ್ರಾರ್ಥನೆ ಮಾಡೋಕೆ ಬರಲ್ಲ. ಒಂದ್ ಶನಿವಾರಾನೂ ಕ್ಲಾಸಿಗೆ ಹೋಗ್ಲಿಲ್ಲ. ಒಳಗೆ ಯಾರೋ ಅಷ್ಟು ಚೆನ್ನಾಗಿ ಮಾಡ್ತಿದ್ರು, ಹೆದ್ರಿ ಗೇಟಿಂದಾನೇ ಓಡ್ಹೋದೆ. ಸುಗಂಧಿಗೆ ಸುಳ್ಳು ಹೇಳ್ದೆ."

ಹಿಡಿದಿದ್ದ ಕೈ ಸಡಿಲವಾಯಿತು. ಪಕ್ಕದಿಂದ ಬಿಸಿಯುಸಿರು ಕೇಳಿಸಿತು. ಆಗ ಅವನಿಗೊಂದು ವಿಷಯ ಹೊಳೆಯಿತು. ಪ್ರಾರ್ಥನೆಯ ನಡುವೆ ಯಾರೂ ಕಣ್ಣು ಬಿಡುವಂತಿಲ್ಲ, ಮಾತಾಡುವಂತಿಲ್ಲ. ಆಮೆನ್ ಅನ್ನುವ ತನಕ ಹೆಂಡತಿಯೂ ಏನೂ ಮಾಡಲಾರಳು, ಅತ್ತೆಯೂ ಏನೂ ಮಾಡಲಾರರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು.

ಅವನು ಮುಂದುವರಿಸಿದ. ಮನೆಗಾಗಿ ಬೇಡಿದ, ಲಿಫ್ಟಿಗಾಗಿ ಬೇಡಿದ, ಟ್ಯಾಂಕರಿನಲ್ಲಿ ನೀರು ತರುವವನಿಗಾಗಿ ಬೇಡಿದ. ಸೇತುವೆಯ ಮೇಲಿನ ಪಾಸ್ಟರಿಗಾಗಿ, ಅವರ ಹಿಂದೆ ಮುಂದೆ ನಿಂತ ಗಾಡಿಗಳವರಿಗಾಗಿ, ಅಕ್ತರನ ದಾಳಿಂಬೆಗಳಿಗಾಗಿ ಬೇಡಿದ. ಹುಟ್ಟಿದಾರಭ್ಯ ಬಾರದಿದ್ದ ಮಾತು ನಲ್ಲಿ ನೀರಿನಂತೆ ಬರುತ್ತಿತ್ತು. ವಯಸ್ಸಾದವರ ಕಾಲು ಸೋತವು, ಬಿರಿಯಾನಿ ಆರಿತು. ಸತ್ಯಮಿತ್ರ ಕಗ್ಗದಾಸಪುರದ ರಸ್ತೆಗುಂಡಿಗಳವರೆಗೆ ಬಂದಿದ್ದಾಗ ಮೂಲೆಯಿಂದ ನಡುಗುವ ದನಿಯೊಂದು ಎದ್ದಿತು.

"ಕರ್ತನೇ, ಒಳಗಿದ್ದಿದ್ದು ನಾನೇ," ಎಂದರು ಯೋನಪ್ಪ ಮೇಷ್ಟ್ರು. "ಜನರ ಮುಂದೆ ನಂಗೂ ಬಾಯಿ ಬರಲ್ಲ. ಖಾಲಿ ಬೆಂಚುಗಳ ಮುಂದೆ ಅಭ್ಯಾಸ ಮಾಡ್ತಿದ್ದೆ. ಹೆಸರು ಕೊಟ್ಟಿದ್ದು ಇವ್ರೊಬ್ರೇ. ಇವ್ರು ಗೇಟಿಂದ ವಾಪಸ್ ಹೋಗಿದ್ದು ನೋಡಿ, ಸದ್ಯ ಅಂತ ಬೀಗ ಹಾಕ್ಕೊಂಡು ಮನೆಗೆ ಹೋದೆ. ಆಮೇಲೆ ಯಾವ ಶನಿವಾರಾನೂ ಬೀಗ ತೆಗೀಲಿಲ್ಲ. ಕ್ಷಮಿಸು. ಆಮೆನ್."

ಆಮೆನ್ ಬಂದೇಬಿಟ್ಟಿತು. ಎಲ್ಲರೂ ಆಮೆನ್ ಅಂದು ಕಣ್ಣು ಬಿಟ್ಟರು.

ಸತ್ಯಮಿತ್ರನಿಗೆ ಹೋದ ಜೀವ ಬಂದಂತಾಯಿತು. ನಡೆಯದ ಕ್ಲಾಸಿಗೆ ಹೋಗದಿರುವುದು ತಪ್ಪು ಹೇಗಾಗುತ್ತದೆ ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದ.

"ನೀವು ಒಳಗೆ ಹೋಗಿದ್ರೆ ನಡೀತಿತ್ತು," ಎಂದಳು ಸುಗಂಧಿ. ಅವಳ ಕಣ್ಣು ತುಂಬಿತ್ತು.

ಎಸ್ತೇರಮ್ಮ ಅಲ್ಲೇ ತೀರ್ಪು ಕೊಟ್ಟರು. ಬರುವ ಶನಿವಾರದಿಂದ ಪಾಠ ತಮ್ಮ ಮನೆಯಲ್ಲಿ. ಗುರು ಶಿಷ್ಯರಿಬ್ಬರೂ ಒಳಗೆ, ಬಾಗಿಲಲ್ಲಿ ತಾವು. ಮಗಳ ಮುಖ ನೋಡಿ ಅವರಿಗೂ ಕರುಳು ಚುರುಕ್ಕೆಂದಿರಬೇಕು. ತಟ್ಟೆಗಳು ಬಂದಾಗ ದನಿ ತಗ್ಗಿಸಿ, "ಅಳಿಯಂದ್ರೇ, ಊಟದ ಪ್ರಾರ್ಥನೆ ನೀವೇ ಮಾಡಿ. ಅದೊಂದಾದ್ರೂ ನಿಮಗೆ ಬರುತ್ತಲ್ಲ" ಎಂದರು.

ಸತ್ಯಮಿತ್ರನ ಎದೆ ಉಬ್ಬಿತು. ಸುಗಂಧಿಯ ಮಾನ ಉಳಿಸಲು ಇದೊಂದು ಅವಕಾಶ, ಅದೂ ಅಜ್ಜಿ ಕಲಿಸಿದ ಪ್ರಾರ್ಥನೆಯಿಂದಲೇ. ಬಿರಿಯಾನಿಯ ಪಾತ್ರೆಯ ಮುಂದೆ ನಿಂತು ಕಣ್ಣು ಮುಚ್ಚಿದ. ಅಷ್ಟೊಂದು ಶನಿವಾರಗಳ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ? ತೊದಲಿಲ್ಲದೆ, ತಡೆಯಿಲ್ಲದೆ, ಗುಡುಗಿನಂತೆ ಹೊರಬಂತು:

"ಕರ್ತನೇ, ನಿನ್ನೆಯವರೆಗೂ ನಮ್ಮ ನಡುವೆ ಓಡಾಡಿಕೊಂಡಿದ್ದ ಈ ಜೀವ ಇಂದು ನಮ್ಮ ಮುಂದೆ ತಣ್ಣಗೆ ಮಲಗಿದೆ. ಈ ಅಗಲಿಕೆಯನ್ನು ತಾಳುವ ಶಕ್ತಿ ಕೊಡು. ಪರಲೋಕದಲ್ಲಿ ನಾವೆಲ್ಲರೂ ಮತ್ತೆ ಮುಖಾಮುಖಿ ಕಾಣುವ ಆ ದಿನದವರೆಗೆ ನಮ್ಮನ್ನು ಕಾಪಾಡು."

ಆಮೆನ್ ಅಂದವರು ಯೋನಪ್ಪ ಮೇಷ್ಟ್ರೊಬ್ಬರೇ. ಎಸ್ತೇರಮ್ಮ ಪಾತ್ರೆಯ ಮುಚ್ಚಳ ಮತ್ತೆ ಮುಚ್ಚಿ, ಅಳಿಯನ ಕೈಯ ತಟ್ಟೆ ಈಸಿಕೊಂಡರು.

"ಶನಿವಾರದ ತನಕ ಕಾಯೋದು ಬೇಡ," ಎಂದರು. "ಈಗ್ಲೇ ಶುರು ಮಾಡಿ ಮೇಷ್ಟ್ರೇ. ಪಾಠ ಒಪ್ಪಿಸಿದ ಮೇಲೇ ಇವ್ರಿಗೆ ಊಟ."