ಸರಸ್ವತಿ ಪೂಜೆಗೆ ಕೂತ ಜರ್ಮನ್ ಕಾದಂಬರಿಕಾರ

ನನಗೆ ಜರ್ಮನ್ ಭಾಷೆ ಬಾರದು. ಆದರೂ ಷಿಕಾಗೋ ಮಗ್ಗುಲಿನ ಈ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಜರ್ಮನಿಯ ಕಾದಂಬರಿಕಾರರೊಬ್ಬರ ಬಗ್ಗೆ ಯಾರಿಗೆ ಏನು ಬೇಕಾದರೂ ನನ್ನನ್ನೇ ಕೇಳುತ್ತಾರೆ. ಗೊತ್ತಿಲ್ಲದ ವಿಷಯದಲ್ಲಿ ಪಂಡಿತೆ ಎನಿಸಿಕೊಳ್ಳುವುದೇ ಸುಲಭ. ಇಪ್ಪತ್ತೈದು ವರ್ಷದಿಂದ ದಿನವೂ ಮಾಡುವ ನನ್ನ ಸಾರಿನ ವಿಷಯದಲ್ಲಿ ಮನೆಯವರು ಇನ್ನೂ ಆ ಗೌರವ ಕೊಟ್ಟಿಲ್ಲ.

ಎಲ್ಲಕ್ಕೂ ಕಾರಣ ಎದುರುಮನೆಯ ಹೆಲ್ಗಾ ಆಂಟಿ. ಆ ಕಾದಂಬರಿಕಾರರು ಅವರ ತಾಯಿಯ ಊರಿನವರು. ಬೆಟ್ಟದ ಹಳ್ಳಿಯ ಅಂಚೆಯವನ ಮಗ; ದೊಡ್ಡವರಾಗಿ ಅಲ್ಲೇ ಶಾಲೆಯ ಮೇಷ್ಟರಾದರು. ಸುತ್ತಮುತ್ತಲಿನ ಜಗಳ, ಮದುವೆ, ಹಾಲು ಕರೆಯುವ ಹೆಂಗಸರ ಹಟ, ಎಲ್ಲವನ್ನೂ ಆ ಸೀಮೆಯ ಆಡುಮಾತಿನಲ್ಲೇ ಬರೆದರಂತೆ. ವಿಮರ್ಶಕರು ಮೂಗು ಮುರಿದರು. ಹೆಂಗಸರು ಒಲೆಯ ಮೇಲಿನ ಹಾಲು ಉಕ್ಕಿಹೋದರೂ ತಲೆ ಎತ್ತದೆ ಓದಿದರು. ವಾರಪತ್ರಿಕೆಯ ಧಾರಾವಾಹಿಗಳನ್ನು ಕಿತ್ತು, ದಬ್ಬಳದಲ್ಲಿ ಹೊಲಿದು, ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದ ಅಮ್ಮನ ಮಗಳು ನಾನು. ಇಷ್ಟು ಕೇಳಿದ ಮೇಲೆ ಆ ಲೇಖಕರು ನಮ್ಮವರಲ್ಲ ಎನ್ನಲು ಮನಸ್ಸು ಬರಲಿಲ್ಲ.

ಹೆಲ್ಗಾ ಆಂಟಿಯ ತಾಯಿ ಹಡಗಿನಲ್ಲಿ ತಂದ ಅವರ ಕಾದಂಬರಿಗಳು ಆಕೆಯ ನಂತರ ಲೈಬ್ರರಿ ಸೇರಿದ್ದವು. ಒಂದು ಬೆಳಿಗ್ಗೆ ಆಂಟಿ ಬಂದು ನನ್ನ ಅಡುಗೆಮನೆಯಲ್ಲಿ ಕೂತರು. "ಯಾರೂ ತೆಗೆದುಕೊಂಡು ಹೋಗುತ್ತಿಲ್ಲವಂತೆ. ತೆಗೆದುಹಾಕುತ್ತಾರಂತೆ."

"ನೀವೇ ತಂದುಬಿಡಿ ಆಂಟಿ."

"ನನ್ನ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ. ಓದದ ಪುಸ್ತಕ ತರುವುದು ಮೋಸ. ಅವರ ಹೆಸರು ಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ. ನನಗಿಂತ ಮೊದಲೇ ಅವರು ಹೋಗುತ್ತಾರೆ, ನೋಡು."

ಕಾಫಿ ಆರುತ್ತಿದ್ದರೂ ಅವರು ಮುಟ್ಟಲಿಲ್ಲ. ನನಗೆ ತಡೆಯಲಾಗಲಿಲ್ಲ. ಇನ್ನೇನು ನವರಾತ್ರಿ. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಓದುವ ಹಾಗಿಲ್ಲ. ಓದದೆ ಇಟ್ಟುಕೊಳ್ಳುವುದೇ ನಮ್ಮಲ್ಲಿ ಶಾಸ್ತ್ರ ಎಂದು ವಿವರಿಸಿದೆ. ಆಂಟಿ ಆರಿದ ಕಾಫಿಯನ್ನು ಹತ್ತಿರ ಎಳೆದುಕೊಂಡು, "ಹಾಗಿದ್ದರೆ ಅದು ಮೋಸವಲ್ಲ" ಎಂದು ಒಪ್ಪಿದರು.

ಬೊಂಬೆ ಕೂರಿಸುವ ಮನೆಗಳಿಗೆಲ್ಲ ಫೋನ್ ಮಾಡಿ ಅವರವರ ಲೈಬ್ರರಿ ಕಾರ್ಡಿನ ಮೇಲೆ ಒಂದೊಂದು ಕಾದಂಬರಿ ಹಂಚಿದೆ. ಆಮೇಲೂ ಎರಡು ಉಳಿದವು. ಕಿರಾಣಿ ಅಂಗಡಿ ಇಟ್ಟಿರುವ ಹುಬ್ಬಳ್ಳಿಯ ಗೆಳತಿ ಶಮೀಮಳ ಬಳಿ ಹೋದೆ.

"ಓದಾಕ ಬರಂಗಿಲ್ಲ, ಪೂಜಿ ಮಾಡಂಗಿಲ್ಲ, ನನಗ್ಯಾಕವಾ ಇದು?"

"ಲೈಬ್ರರಿ ಕಾರ್ಡ್ ಇದೆಯಲ್ಲ, ಸಾಕು."

"ಹಂಗಾರ ಎರಡೂ ನನ್ನ ಹೆಸರಿಗೇ ಹಾಕು. ಮೈಸೂರಾಕಿ ಒಂದು ಒಯ್ದರ ಹುಬ್ಬಳ್ಳಿಯಾಕಿ ಎರಡು ಒಯ್ಯಬೇಕು."

ಹೀಗೆ ಕಪಾಟು ಖಾಲಿಯಾಯಿತು. ಎಡವಟ್ಟಾದದ್ದು ಪೂಜೆಯ ದಿನ. ಕುಂಕುಮದ ಬಟ್ಟಲು ಕೈಗೆ ಬಂದರೆ ನನ್ನ ಬೆರಳು ನನ್ನ ಮಾತು ಕೇಳುವುದಿಲ್ಲ. ಕಾರು, ಲ್ಯಾಪ್‌ಟಾಪು, ಮಿಕ್ಸಿ, ಎದುರಿಗಿದ್ದದ್ದಕ್ಕೆಲ್ಲ ಬೊಟ್ಟು. ರಟ್ಟಿನ ಮೇಲಿದ್ದ ಲೇಖಕರ ಫೋಟೋದ ಹಣೆಗೂ ಇಟ್ಟುಬಿಟ್ಟೆ. "ಅಮ್ಮಾ, ದಟ್ಸ್ ಲೈಬ್ರರಿ ಪ್ರಾಪರ್ಟಿ" ಎಂದು ಮಗಳು ಹಣೆ ಚಚ್ಚಿಕೊಂಡಳು. ಒರೆಸಿದೆ. ಬೊಟ್ಟಿದ್ದದ್ದು ನಾಮವಾಯಿತು. ಸಂಜೆ ಬೊಂಬೆ ನೋಡಲು ಬಂದ ಹೆಲ್ಗಾ ಆಂಟಿ ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ. "ಊರಲ್ಲಿ ಇವರ ಪ್ರತಿಮೆಯ ತಲೆಯ ಮೇಲೆ ಪಾರಿವಾಳ ಗಲೀಜು ಮಾಡುತ್ತದೆ. ಇಲ್ಲಿ ದೇವಿಯ ಪಕ್ಕದಲ್ಲೇ ಕೂರಿಸಿದ್ದೀಯ" ಎಂದು ಕೈಚೀಲದಿಂದ ಕರವಸ್ತ್ರ ತೆಗೆದರು.

ಪುಸ್ತಕ ಹಿಂತಿರುಗಿಸುವ ದಿನ ದಂಡಕ್ಕೆ ಸಿದ್ಧಳಾಗಿಯೇ ಹೋದೆ. ಉಳಿದ ಮನೆಗಳ ಬೆರಳುಗಳೂ ಸುಮ್ಮನಿರಲಿಲ್ಲ ಎಂಬುದು ಅಲ್ಲೇ ತಿಳಿದದ್ದು. ಲೈಬ್ರರಿಯವರು ಒಂದೊಂದೇ ರಟ್ಟು ತಿರುವಿ, ಕೆಂಪು ಕಲೆಗಳನ್ನು ನೋಡಿ, "ಎಲ್ಲರೂ ಅಡುಗೆ ಮಾಡುತ್ತಲೇ ಓದಿದಿರಾ?" ಎಂದರು. ನಾನು ನಮ್ಮ ಕಡೆಯವರ ಹಾಗೆ ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬಂತೆ ತಲೆಯಾಡಿಸಿದೆ. ಅವರ ಮುಖ ಅರಳಿತು. ಇಂಥ ಓದುಗರಿರುವ ಪುಸ್ತಕವನ್ನು ತೆಗೆಯುವುದುಂಟೇ ಎಂದು, ಬಾಗಿಲ ಎದುರಿನ ಕಪಾಟಿಗೇ ಏರಿಸಿದರು. ಲೇಖಕರ ಬಗ್ಗೆ ಒಂದು ಮಧ್ಯಾಹ್ನ ಮಾತನಾಡಬೇಕೆಂದೂ ನನಗೇ ಹೇಳಿದರು.

ಚಿತ್ರಾನ್ನ ಇದೆ ಎಂಬ ಸುದ್ದಿಗೆ ಹಾಲ್ ತುಂಬಿತು. ಆಂಟಿಯಿಂದ ಕೇಳಿದ್ದ ಲೇಖಕರ ಜೀವನವನ್ನು ನಾನು ಒಪ್ಪಿಸಿ ಕೂತೆ. ಆಮೇಲೆ ಹೆಲ್ಗಾ ಆಂಟಿ ಎದ್ದು, ಪುಸ್ತಕವಿಲ್ಲದೆ, ಒಂದು ಅಧ್ಯಾಯವನ್ನು ಬಾಯಿಪಾಠವಾಗಿ ಹೇಳಿದರು. ಶಮೀಮ್ ನನ್ನನ್ನು ತಿವಿದಳು: "ಒಂದಕ್ಷರ ತಿಳೀಲಿಲ್ಲ. ಆದ್ರ ಅತ್ತಿ ಸೊಸಿಗೆ ಬೈಯಾಕತ್ತಾಳ, ಹೌದಿಲ್ಲೋ?" ಆಂಟಿಯಿಂದಲೇ ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಡಿದರೆ ಅದೇ. ಇಡೀ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಆಂಟಿ ಮಹಾರಾಣಿಯ ಹಾಗೆ ತಲೆ ಬಾಗಿಸಿದರು.

ಈಗ ಆ ಕಾದಂಬರಿಗಳು ಕಪಾಟಿನಲ್ಲಿ ನಿಲ್ಲುವುದೇ ಇಲ್ಲ. ಒಂದು ಸದಾ ನಮ್ಮ ಮನೆಯಲ್ಲಿರುತ್ತದೆ. ಅಕ್ಷರಗಳು ಇಂಗ್ಲಿಷಿನವೇ ತಾನೇ ಎಂಬ ಧೈರ್ಯದಲ್ಲಿ ದಿನವೂ ಮಧ್ಯಾಹ್ನ ಆಂಟಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅರ್ಥವಾಗದ ಮಂತ್ರ ಹೇಳಿ ಅಭ್ಯಾಸವಿರುವ ನಾಲಿಗೆ, ಸರಾಗವಾಗಿ ಹರಿಯುತ್ತದೆ. ಆಂಟಿ ಕಣ್ಣು ಮುಚ್ಚಿ ಕೇಳುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೊನ್ನೆಯಷ್ಟೇ ಮುಗಿಸಿದ ಕಾದಂಬರಿ ಭಾರೀ ದುಃಖಾಂತವೆಂದು ಆಮೇಲೆ ತಿಳಿಯಿತು.