ಹೆಸರು ಹೇಳು ಅನ್ನೋ ಫೋನು

ಗೋರೆಗಾಂವ್ ಚಾಳಿನಾಗ ದೊಡ್ಡ ಹೆಣ್ಣುಮಕ್ಕಳಿಗೆ ಅಕ್ಷರ ಕಲಸ್ತೀನಿ ಅಂದ್ರ, ವಾರಕ್ಕೊಂದು ಏನರೆ ಆಗದ ಇರಂಗಿಲ್ಲ. ಮದಲ ನಗು ಬರತದ. ಈಗೀಗ ಆ ನಗುವಿನ ಹಿಂದ ಅಂಜಿಕಿನೂ ಬರಲಿಕ್ಕೆ ಹತ್ತ್ಯದ.

ನಾ ಮುನಸಿಪಾಲ್ಟಿ ಕನ್ನಡ ಸಾಲಿಯೊಳಗ ಅಕ್ಕೋರಾಗಿದ್ದಾಕಿ. ರಿಟಾಯರ್ ಆದ ಮ್ಯಾಲೆ ರವಿವಾರ ಮಧ್ಯಾಹ್ನ ಚಾಳಿನ ಸಂಘದ ಖೋಲಿಯೊಳಗ ಚಾಪಿ ಹಾಸಿ ಕೂಡತೀನಿ. ವಿಜಾಪುರ, ಬಾಗಲಕೋಟಿ ಕಡೆಯಿಂದ ಕಟ್ಟಡದ ಕೆಲಸಕ್ಕ ಬಂದವರ ಮನಿ ಹೆಣ್ಣುಮಕ್ಕಳು ನನ್ನ ಸಾಲಿ ಮಕ್ಕಳು. ಸಂಘದ ಸೆಕ್ರೆಟರಿ ಈ ಸಲ ಖಡಾಖಂಡಿತ ಹೇಳಿಬಿಟ್ಟ: ಹೋಳಿ ಹುಣ್ಣಿವಿ ತನಕ ನೋಡ್ತೀವಿ, ಚಾಪಿ ಖಾಲಿ ಇದ್ರ ಖೋಲಿ ಕೇರಮ್ ಆಡೋರಿಗೆ. ಆವತ್ತಿನಿಂದ ರವಿವಾರಕ್ಕೊಮ್ಮೆ ಚಾಪಿ ಮ್ಯಾಲಿನ ತಲಿ ಎಣಸ್ತೀನಿ.

ಚಾಪಿ ಖಾಲಿ ಆದದ್ದು

ಮದಲ ಖೋಲಿ ತುಂಬ ಮಂದಿ ಇರತಿದ್ರು. ಬಸ್ಸಿನ ಬೋರ್ಡ್ ಓದಬೇಕು, ಊರಿಂದ ಬಂದ ಮೆಸೇಜ್ ಓದಬೇಕು ಅಂತ ಹಟ. ಆಮ್ಯಾಲೆ ಫೋನು ತಾನ ಓದಲಿಕ್ಕೆ ಸುರು ಮಾಡ್ತು. ಬೋರ್ಡಿನ ಮುಂದ ಹಿಡಿದ್ರ ಓದತದ, ಮೆಸೇಜ್ ಬಂದ್ರ ಓದತದ. ಒಬ್ಬೊಬ್ಬರ ಜಾರಿಕೊಂಡ್ರು.

ಭಾಂಡಿ ತಿಕ್ಕೋ ಕೆಲಸಕ್ಕ ಹೋಗೋ ಒಬ್ಬಾಕಿನ್ನ ನಳದ ಹತ್ರ ಹಿಡದು ಕೇಳಿದೆ. ಫೋನು ಓದತೈತಿ, ಮತ್ತ ನಾ ಯಾಕ ಕಣ್ಣು ಹಾಳ ಮಾಡ್ಕೊಳ್ಳಿ ಅಂದ್ಲು. ನನಗ ಸಿಟ್ಟು ನೆತ್ತಿಗೇರಿತು. ನಾಳೆ ಫೋನು ಅಡಗಿ ಮಾಡ್ತೀನಿ ಅಂದ್ರ ನೀ ಒಲಿ ಆರಿಸಿ ಕೂಡ್ತೀಯೇನವಾ ಅಂದೆ.

ಆಕಿ ಕೊಡಾ ಕೆಳಗಿಟ್ಟು ಹತ್ರ ಬಂದ್ಲು. "ಹೌದೇನ್ರಿ ಅಕ್ಕೋರ? ಅಡಗಿ ಮಾಡೋದು ಯಾವ ಕಂಪನಿದು?"

ಅತ್ತಿ ಲೋಕಲ್ ಹತ್ತಿದ್ದು

ಓದಲಿಕ್ಕೆ ಬರಲಿಲ್ಲಂದ್ರ ಗುಟ್ಟು ಅನ್ನೋದು ಉಳಿಯಂಗಿಲ್ಲ, ಇದು ನಾ ಕಣ್ಣಾರೆ ಕಂಡದ್ದು. ಲೋಕಲ್ ಟ್ರೇನಿನಾಗ ದಾದರಕ್ಕ ಹೊಂಟಿದ್ದೆ. ಲೇಡೀಸ್ ಡಬ್ಬಿಯೊಳಗ ನನ್ನ ಬಾಜೂಕ ನಮ್ಮ ಕಡೆ ಸೊಸಿ ಒಬ್ಬಾಕಿ. ಆಕಿ ಫೋನಿಗೆ ಊರಿಂದ ಅತ್ತಿ ವಾಯ್ಸ್ ಮೆಸೇಜ್ ಕಳಿಸಿದ್ಲು. ಕಿವಿಗೆ ಹಚ್ಚಿದ್ರ ಗದ್ದಲದಾಗ ಕೇಳಂಗಿಲ್ಲಂತ ಆಕಿ ಫುಲ್ ಆವಾಜ್ ಇಟ್ಲು.

ಅತ್ತಿ ಬಾಯಿ ಅಂದ್ರ ಬಾಯಿ. ಸೊಸಿ ಕಳಿಸಿದ ಸೀರಿ ಬಣ್ಣಾ ಬಿಟ್ಟಿದ್ದು, ಮೈದುನನ ಮದವಿಗೆ ಬರದ ಇದ್ದದ್ದು, ಆಕಿ ತವರಮನಿಯವರ ನಡತಿ, ಎಲ್ಲಾ ಬಂತು. ಡಬ್ಬಿಯೊಳಗಿನ ಮರಾಠಿ, ಗುಜರಾತಿ ಹೆಂಗಸರಿಗೆ ಕನ್ನಡ ಏನೂ ತಿಳೀಲಿಲ್ಲ, ಅತ್ತಿ ಮಾತ್ರ ಪೂರಾ ತಿಳದ್ಲು. ತಿರುಗಿ ಏನು ಹೇಳಬೇಕಂತ ಎಲ್ಲಾರೂ ಕೂಡಿ ಸೊಸಿಗೆ ಬುದ್ಧಿ ಹೇಳಿದ್ರು. ಆಕಿನೂ ಫೋನಿನ ಮುಂದ ಬಾಯಿ ತಗದು ಜಡಿದು ಕಳಿಸಿದ್ಲು. ದಾದರ್ ಬಂತು. ಬಾಗಲದಾಗ ನಿಂತಿದ್ದ ಇಬ್ಬರು ಇಳೀಲೇ ಇಲ್ಲ. ಅತ್ತಿ ಉತ್ತರ ಇನ್ನೂ ಬಂದಿದ್ದಿಲ್ಲ.

ಹೆಬ್ಬಟ್ಟು

ಓದಲಾರದವರದು ಹಿಂಗಾದ್ರ ಓದಿದವರದು ಇನ್ನೂ ಚಂದ. ನನ್ನ ಮಗಳು ಎಂ.ಎ. ಮಾಡ್ಯಾಳ, ಬೊರಿವಲಿಯೊಳಗ ಇರತಾಳ. ಮದಲ ಫೋನ್ ಹಚ್ಚಿದ್ರ ತಾಸುಗಟ್ಲೆ ಮಾತಾಡತಿದ್ಲು. ಈಗ ಫೋನ್ ಎತ್ತಂಗಿಲ್ಲ, "ಮಮ್ಮಿ, ಮೆಸೇಜ್ ಕರ್ ನಾ" ಅಂತಾಳ.

ಒಂದಿನ ಜ್ವರ ಬಂದು ಮಲಗಿದ್ದೆ. ಮೈ ಸುಡಲಿಕ್ಕೆ ಹತ್ತಿತ್ತು, ಒಬ್ಬಾಕಿನೇ ಇದ್ದೆ, ಖರೇನ ಅಂಜಿಕಿ ಆತು. ಬಾಳ ಜ್ವರ ಬಂದಾವವಾ ಅಂತ ಬರದು ಕಳಿಸಿದೆ. ತಿರುಗಿ ಒಂದು ಹೆಬ್ಬಟ್ಟಿನ ಚಿತ್ರ ಬಂತು. ಅಷ್ಟೇ. ಇಡೀ ಜನ್ಮ ಮಂದಿನ್ನ ಹೆಬ್ಬಟ್ಟಿನಿಂದ ಸಹಿಗೆ ತಂದೆ, ಎಂ.ಎ. ಮಾಡಿದ ಮಗಳು ಸಹಿಯಿಂದ ಹೆಬ್ಬಟ್ಟಿಗೆ ಬಂದ್ಲು.

ಇಟ್ಟಂಗಿ ಸಾಲ

ಸಂಕ್ರಾಂತಿ ಹೊತ್ತಿಗೆ ನನ್ನ ಚಾಪಿ ಮ್ಯಾಲೆ ಉಳಿದಾಕಿ ಒಬ್ಬಾಕಿ. ಆಕಿ ಗಂಡ ಇಟ್ಟಂಗಿ ಕಟ್ಟೋ ಗೌಂಡಿ, ಬೊರಿವಲಿಯೊಳಗ ಒಂದು ದೊಡ್ಡ ಬಿಲ್ಡಿಂಗಿನ ಕೆಲಸಕ್ಕ ಹೋಗತಾನ. ಇಷ್ಟು ಎತ್ತರ ಹತ್ತಿ ಕೆಲಸ ಮಾಡತಾರಂತ ಆಕಿಗೆ ದಿನಾ ಜೀವ ಕೈಯಾಗ. ಹಳೇ ಫೋನಿನಾಗ ಒಂದು ಬಟನ್ ಒತ್ತಿದ್ರ ಅವನಿಗೆ ಹೋಗತಿತ್ತು. ದೀಪಾವಳಿಗೆ ಅಂವ ಹೊಸಾದು ತಂದ. ಯಾರಿಗೆ ಹಚ್ಚಬೇಕು, ಹೆಸರು ಹೇಳು ಅಂತದ ಅದು.

ನಮ್ಮ ಕಡೆ ಹಳೇ ಮಂದಿ ಗಂಡನ ಹೆಸರು ಹಿಡದು ಕರಿಯಂಗಿಲ್ಲ. ಕರದ್ರ ಅವನ ಆಯುಷ್ಯ ಕಡಿಮಿ ಆಗತದಂತ ಅಂಜಿಕಿ. ಅದಕ್ಕ ಆಕಿ ನನ್ನ ಕಡೆ ಬಂದದ್ದು: ಬಾಯಿಲೇ ಹೇಳೋದು ಬ್ಯಾಡ, ಬರದು ಹುಡುಕತೀನಿ. ಹೆಸರು ಏನವಾ, ಅದನ್ನೇ ಮದಲ ಕಲಸ್ತೀನಿ ಅಂದ್ರ ನನಗೂ ಹೇಳಲಿಲ್ಲ. "ನೀವು ಎಲ್ಲಾ ಅಕ್ಷರ ಕಲಸ್ರಿ ಅಕ್ಕೋರ, ಅದರಾಗ ಅವರೂ ಬರತಾರ" ಅಂದ್ಲು. ಕ, ಖ, ಗ ದಿಂದ ನಾವು ಇನ್ನೂ ಮ ತನಕ ಬಂದಿದ್ವಿ.

ಒಂದು ರವಿವಾರ ಆಕಿ ಓಡಿಕೋತ ಬಂದ್ಲು, ಮಾರಿಯೊಳಗ ರಕ್ತ ಇಲ್ಲ. ಊರಿನವರ ಗ್ರೂಪಿನಾಗ ವಾಯ್ಸ್ ಮೆಸೇಜ್ ಬಂದಿತ್ತಂತ: ಬೊರಿವಲಿ ಸೈಟಿನಾಗ ಹತ್ತಿ ನಿಲ್ಲೋ ಬಿದಿರಿನ ಅಟ್ಟ ಕುಸಿದು ಬಿತ್ತು, ಅದರಾಗ ನಮ್ಮವರ ಸಿಕ್ಕಾರ. ಆಕಿ ಹಿಂದ ಚಾಳಿನ ಹೆಂಗಸರೆಲ್ಲಾ ಬಂದು ಖೋಲಿ ತುಂಬಿದ್ರು. ಫೋನ್ ಇಸಗೊಂಡು ನೋಡಿದೆ. ಗಂಡ ತನ್ನ ಹಳೇ ಫೋನಿನಾಗಿನ ಮಂದಿ ನಂಬರೆಲ್ಲಾ, ತಂದೂ ಕೂಡಿಸಿ, ಇದರಾಗ ತುಂಬಿದ್ದ. ಚಾಳಿನಾಗ ಅವನಿಗೆ ಎಲ್ಲಾರೂ ಬರೇ ಗೌಂಡಿ ಅಂತಿದ್ರು, ಫೋನಿನಾಗ ನೋಡಿದ್ರ ಹತ್ತಾರು ಗೌಂಡಿ; ಇಷ್ಟರಾಗ ಅಂವ ಯಾರು? ಹೆಸರು ಹೇಳವಾ ಅಂತ ಕೈ ಮುಗದೆ. ಆಕಿ ಅತ್ತುಕೋತ ತಲಿ ಅಲ್ಲಾಡಿಸಿದ್ಲು: ಇಂಥಾ ಹೊತ್ತಿನಾಗ ಹೆಸರು ತಗದ್ರ ಇದ್ದ ಜೀವನೂ ಹೋದೀತು.

ಒಬ್ಬ ಮುದುಕಿ ಹಾದಿ ತೋರಿಸಿದ್ಲು: ಲಗ್ನದಾಗ ಒಡಪು ಹಾಕಿ, ಪದದೊಳಗ ಕೂಡಿಸಿ ಗಂಡನ ಹೆಸರು ಹೇಳಂಗಿಲ್ಲೇನು? ಒಡಪಿನಾಗ ಹೇಳಿದ್ರ ದೋಷ ಇಲ್ಲ. ಆಕಿ ತಲಿ ಮ್ಯಾಲೆ ಸೆರಗು ಹೊತ್ತು ಫೋನಿನ ಮುಂದ ನಿಂತು ಹೇಳಿದ್ಲು:

"ಬೊರಿವಲಿ ಬಿಲ್ಡಿಂಗಿಗೆ ಇಟ್ಟಂಗಿ ಸಾಲ,
ಹಣಮಂತರಾಯರಿಗೆ ಹಚ್ಚವ್ವಾ ಫೋನ್ ಕಾಲ."

ಫೋನು ಒಂದು ಗಳಿಗಿ ವಿಚಾರ ಮಾಡಿ ಬೊರಿವಲಿಯೊಳಗ ಇಟ್ಟಂಗಿ ಮಾರೋ ಅಂಗಡಿ ತೋರಿಸಿತು.

ಬರೇ ಹೆಸರು ಹೇಳವಾ ಅಂದ್ವಿ. ಕಣ್ಣು ಮುಚ್ಚಿ, ಗಲ್ಲಾ ಬಡಕೊಂಡು ಹೇಳಿದ್ಲು. ಫೋನು ಬಾಳ ಮರ್ಯಾದಿಲೇ ಕೇಳ್ತು: "ಯಾವ ಹಣಮಂತ? ಹಣಮಂತ ಕಿರಾಣಿ, ಹಣಮಂತ ಮುಕಾದಮ್, ಹಣಮಂತ ಗೌಂಡಿ."

ಆಕಿಗೆ ತಡೀಲಿಲ್ಲ. ಸೆರಗು ಜಾರಿತು. "ಗೌಂಡಿ! ಹಣಮಂತ ಗೌಂಡಿ! ನನ್ನ ಗಂಡ ಹಣಮಂತ!" ಅಂತ ಚಾಳಿನ ಮೂರೂ ಮಾಳಿಗಿಗೆ ಕೇಳೂ ಹಂಗ ಒದರಿದ್ಲು.

ರಿಂಗ್ ಆತು. "ಹಲೋ" ಅಂದ ಅಂವ. ಆಕಿ "ಹಣಮಂತಾ" ಅಂದು ಚಾಪಿ ಮ್ಯಾಲೆ ಕುಸಿದು ಅಳಲಿಕ್ಕೆ ಹತ್ತಿದ್ಲು. ನಾನೇ ಫೋನ್ ತಗೊಂಡು ವಿಷಯ ಹೇಳಿದೆ. ಅಂವ ಚಾ ಕುಡಕೋತ ಕೂತಿದ್ದನಂತ. ಆ ಮೆಸೇಜ್ ಹ್ವಾದ ವರ್ಷದ್ದು, ಯಾರೋ ಕೇಳದ ಮುಂದ ಕಳಿಸ್ಯಾರ ಅಂದ. ಎಲ್ಲಾರಿಗೂ ಹೋದ ಜೀವ ಬಂತು. ಆಮ್ಯಾಲೆ ಅಂವ ಸಣ್ಣ ದನಿಲೇ, "ಅಕ್ಕೋರ, ಆಕಿಗೆ ಇನ್ನೊಮ್ಮೆ ಅನ್ನು ಅಂತ ಹೇಳ್ರಿ" ಅಂದ. ಫೋನು ಸ್ಪೀಕರಿನ ಮ್ಯಾಲಿತ್ತು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಬಾಯಿಲೇ ಹೇಳೋದು ರೂಢಿ ಆತು, ಇನ್ನ ಈಕಿನೂ ಬರಂಗಿಲ್ಲ, ಖೋಲಿ ಹೋತು ಅಂತ ಮುಂದಿನ ರವಿವಾರ ನಾ ಚಾಪಿ ಹಾಸಲಿಲ್ಲ. ಆಕಿ ಹೊತ್ತಿಗೆ ಸರಿಯಾಗಿ ಬಂದ್ಲು, ತಾನ ಚಾಪಿ ಹಾಸಿದ್ಲು. ಯಾಕವಾ, ಈಗ ಫೋನು ನಿನ್ನ ಮಾತು ಕೇಳತದಲ್ಲ ಅಂದೆ.

"ಫೋನಿಂದು ಬಿಡ್ರಿ ಅಕ್ಕೋರ. ನಮ್ಮನಿಯವರು ದಿನಾ ಸಂಜಿಕೆ ಬಂದು, 'ಒಮ್ಮೆ ಹೆಸರು ಹಿಡದು ಕರಿ' ಅಂತ ಕಾಡಾಕ ಹತ್ತ್ಯಾರ. ಲಗೂನ ಬರಿಯಾಕ ಕಲಸ್ರಿ. ಬರದು ಕೈಯಾಗ ಕೊಟ್ಟುಬಿಡ್ತೀನಿ, ಅವರೇ ಓದ್ಕೊಳ್ಳಿ."