ಹಬ್ಬದ ದಿನ ಫೇಲಾದ ಸಿಲಿಂಡರ್

ನೀರಿಗೆ ಬರ ಬಂದರೂ ನಮ್ಮ ಘಟಕದಲ್ಲಿ ಎಡವಟ್ಟುಗಳಿಗೆ ಬರ ಬಂದದ್ದಿಲ್ಲ. ಯಲಹಂಕದ ಹತ್ತಿರ ಕುಡಿಯುವ ನೀರು ಶುದ್ಧೀಕರಿಸುವ ಕಡೆ ನಾನು ಕೆಮಿಸ್ಟ್. ನೀರಿಗೆ ಬಿಡುವ ಕ್ಲೋರಿನ್ನಿನಲ್ಲೇ ಕಸ ಇದೆಯೇ ಎಂದು ನೋಡುವುದು ನನ್ನ ಕೆಲಸ. ಕೂತು ಕಾಯುವುದೇ ಹೆಚ್ಚು; ಕೂತಲ್ಲಿ ಕೂರಲಾರದ ನನ್ನಂಥವನಿಗೆ ಹೇಳಿ ಮಾಡಿಸಿದ ನೌಕರಿ. ಒಂದು ದೀಪಾವಳಿಗೆ, ನೀರು ತುಂಬುವ ಹಬ್ಬದ ದಿನವೇ ಹಳೆಯ ಸಿಲಿಂಡರ್ ಖಾಲಿಯಾಯಿತು. ಹೊಸದು ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಸಂಜೆ ಮನೆಗಳಿಗೆ ನೀರು.

ಫ್ಲಾಸ್ಕು

ಪರೀಕ್ಷೆ ಸರಳ. ಸಿಲಿಂಡರಿನಿಂದ ಸ್ವಲ್ಪ ದ್ರವ ಕ್ಲೋರಿನ್ನನ್ನು ಫ್ಲಾಸ್ಕಿಗೆ ಇಳಿಸಿ ಆವಿಯಾಗಲು ಬಿಡಬೇಕು. ಶುದ್ಧವಾಗಿದ್ದರೆ ತಳದಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಅವತ್ತು ಬೂದು ಪುಡಿ ಉಳಿಯಿತು. ಅಷ್ಟರಲ್ಲಿ ಕೊಡಿಗೇಹಳ್ಳಿಯ ಮನೆಯಿಂದ ಹೆಂಡತಿಯ ಫೋನು.

“ರೀ, ಹಂಡೆ ತೊಳೆದು, ಹಾಗಲಬಳ್ಳಿ ಸುತ್ತಿ ಕಾಯ್ತಾ ಇದೀನಿ. ನೀರು ಯಾವಾಗ?”

“ಫ್ಲಾಸ್ಕಲ್ಲಿ ಏನೋ ಉಳ್ಕೊಂಡಿದೆ ಕಣೇ. ಬಿಡೋಕಾಗಲ್ಲ.”

“ಹಾಗಾದ್ರೆ ನಾಳೆ ಎಣ್ಣೆ ಹಚ್ಕೊಂಡು ಎಲ್ರೂ ಅಲ್ಲಿಗೇ ಬರ್ತೀವಿ. ಅದೇ ಫ್ಲಾಸ್ಕಲ್ಲಿ ಸ್ನಾನ ಮಾಡ್ಸಿ.”

ಅಡ್ಜಸ್ಟ್‌ಮೆಂಟು

ವಿಷಯ ತಿಳಿದು ಇಂಜಿನಿಯರ್ ಸಾಹೇಬರು ಬಂದರು. “ಒಂದು ಚಿಟಿಕೆ ಪುಡಿಗೆ ಯಾಕಿಷ್ಟು ಒದ್ದಾಡ್ತೀರಾ? ಹಬ್ಬ ಕಣ್ರೀ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.”

“ಆ ಪುಡಿ ಏನಂತಲೇ ಗೊತ್ತಿಲ್ಲ ಸರ್. ಈ ನೀರನ್ನ ನಿಮ್ಮನೇಗೆ ಬಿಡ್ಲಾ?”

“ಧಾರಾಳವಾಗಿ ಬಿಡಿ,” ಎಂದರು. “ನಮ್ಮನೇಲಿ ಬೋರ್‌ವೆಲ್ ಇದೆ.”

ಹೊಟ್ಟೆ ಮತ್ತು ಬಾಯಿ

ನಮ್ಮ ನೀರನ್ನೇ ನಂಬಿದ ಪುಟ್ಟೇನಹಳ್ಳಿಯವರೆಲ್ಲ ಒಣ ನಲ್ಲಿ ತಿರುಗಿಸಿ ನನಗೇ ಶಾಪ ಹಾಕುತ್ತಿದ್ದಾರೆ ಅನ್ನಿಸತೊಡಗಿತು. ಲ್ಯಾಬಿನಲ್ಲಿ ಬೋನಿನ ಹುಲಿಯ ಹಾಗೆ ಸುತ್ತಿ ಸುತ್ತಿ, ಕೊನೆಗೆ ತಡೆಯಲಾರದೆ ಸಿಲಿಂಡರ್ ಕೋಣೆಗೇ ನಡೆದೆ. ಅಲ್ಲಿ ನೋಡಿದರೆ ಸಿಲಿಂಡರಿಗೆ ವಿಭೂತಿಯ ಪಟ್ಟೆ, ಕುತ್ತಿಗೆಗೆ ಹಾಗಲಬಳ್ಳಿ. ವಿಜಯಪುರದ ಕಡೆಯ ನಮ್ಮ ಆಪರೇಟರು ಪಕ್ಕದಲ್ಲೇ ಭಕ್ತಿಯಿಂದ ನಿಂತಿದ್ದರು.

“ಇದೇನ್ರೀ ಇದು?”

“ನೀರು ತುಂಬೋ ಹಬ್ಬ ಅಲ್ರಿ ಸರ? ಮನ್ಯಾಗ ಹಂಡೇಕ್ಕ ಮಾಡ್ತೀವಿ. ಇಲ್ಲಿ ನಮಗ ಇದಾ ಹಂಡೆ ಅಂತ ಮುಂಜಾನೆನಾ ಪೂಜಾ ಮುಗಿಸೀನ್ರಿ.”

“ವಿಭೂತಿ ಎಲ್ಲೆಲ್ಲಿ ಹಚ್ಚಿದ್ರಿ?”

“ಹೊಟ್ಟಿಗೆ ಮೂರು ಪಟ್ಟಿ. ಆಮ್ಯಾಲ ಬಾಯಾಗ ಒಂದ್ ಚಿಟಿಗಿ, ಪ್ರಸಾದ ಅಂತ.”

ನನ್ನ ಫ್ಲಾಸ್ಕಿಗೂ ಪ್ರಸಾದ ಬಂದಿತ್ತು. ವಾಲ್ವಿನ ಬಾಯನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿಸಿ ಮತ್ತೆ ಪರೀಕ್ಷೆಗೆ ಇಟ್ಟೆ. ಕ್ಲೋರಿನ್ ಆರಿಹೋಗುವ ತನಕ ನಾನು ಕುರ್ಚಿಯಲ್ಲಿ ಕೂರಲಿಲ್ಲ. ಫ್ಲಾಸ್ಕಿನ ತಳ ಈ ಸಲ ಲಕಲಕ ಹೊಳೆಯಿತು. “ಪಾಸು, ನೀರು ಬಿಡಿ” ಎಂದೆ.

ಆಪರೇಟರು ಫ್ಲಾಸ್ಕಿನೊಳಗೆ ಇಣುಕಿ, ಸಿಲಿಂಡರಿಗೆ ಕೈಮುಗಿದು, ನನ್ನ ಕಡೆ ತಿರುಗಿದರು.

“ನೋಡಿದ್ರೇನ್ರಿ ಸರ? ಫೇಲ್ ಆದದ್ದು ಸುದ್ದಾ ಪಾಸ್ ಆತು. ಪೂಜಾ ಅಂದ್ರ ಸುಮ್ನ ಅಲ್ರಿ.”